ಮಣಿಕಟ್ಟಿನ ಮೇಲೊಂದು ಹನಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಎನ್ನುವುದು ಸ್ವಲ್ಪ ದೊಡ್ಡ ಮಾತೇ. ಹೆಂಚಿನ ಒಂದು ಚಾವಡಿ, ಒಂದು ಬೇವಿನ ಮರ, ಎಣ್ಣೆ ಕುಡಿದು ಕುಡಿದು ಕಪ್ಪಾದ ಎರಡು ಹಲಗೆ.

ಅಲ್ಲಿ ಹಾಲಯ್ಯ ಎಂಬ ಗುರುಗಳು ನೋವಿದ್ದವರ ಮೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅಲ್ಲಿ ಪವಾಡ ನಡೆಯುತ್ತದೆ ಎಂದು ಸುತ್ತಲಿನ ಊರುಗಳಲ್ಲಿ ಮಾತಿತ್ತು. ನಡೆಯುತ್ತಿರಲಿಲ್ಲ. ನಡೆಯುತ್ತಿದ್ದುದು ನಿದ್ದೆ. ಮೈ ಬಿಗಿದುಕೊಂಡು ಬಂದವರು ಹಲಗೆಯ ಮೇಲೆ ಗೊರಕೆ ಹೊಡೆದು, ಎದ್ದು, ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡು ಮನೆಗೆ ಹೋಗುತ್ತಿದ್ದರು.

ಒಮ್ಮೆ ಒಬ್ಬ ಭಕ್ತ ಕೇಳಿದ. "ಅಜ್ಜಾರೇ, ಇದರಿಂದ ಸಕ್ಕರೆ ಕಾಯಿಲೆ ಹೋಗ್ತದಾ?"

"ಇಲ್ಲ."

"ಬಿಪಿ?"

"ಮಾತ್ರೆ ನುಂಗು."

"ಮತ್ತೆ ಏನು ಹೋಗ್ತದೆ?"

"ಇವತ್ತಿನ ಬಿಗಿ ಇವತ್ತು ಹೋಗ್ತದೆ. ರಾತ್ರಿ ನಿದ್ದೆ ಬರ್ತದೆ. ಸಾಲದಾ?"

ಭಕ್ತನಿಗೆ ಸಾಲಲಿಲ್ಲ. ಅವನು ಇನ್ನೂ ದೊಡ್ಡ ಮಾತಾಡುವ ಗುರುವನ್ನು ಹುಡುಕಿಕೊಂಡು ಹೋದ.

ಹಾಲಯ್ಯನವರ ಹಿರಿಯ ಶಿಷ್ಯ ಕೊಟ್ರಯ್ಯ. ಕಾಲೇಜು ಓದಿ ಬಂದವನು. ಮೈಯೊಳಗಿನ ಮರ್ಮಸ್ಥಾನಗಳ ಹೆಸರನ್ನೆಲ್ಲ ಸಂಸ್ಕೃತದಲ್ಲಿ ಹೇಳಬಲ್ಲವನು. ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಅವನು ಬಂದ ದಿನ ಗುರುಗಳು ಎರಡೇ ಪಾಠ ಹೇಳಿದ್ದರು.

ಮೊದಲನೆಯದಕ್ಕೆ ಅವನ ಕೈ ಹಿಡಿದು, ಕೆಂಡದ ಮೇಲಿನಿಂದ ಇಳಿಸಿದ ಗಿಂಡಿಯನ್ನು ಬಾಗಿಸಿ, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಎಣ್ಣೆ ಬಿಟ್ಟರು. ಚುರ್ರೆಂದಿತು.

"ಬಿಸಿ ಐತಾ?"

"ಹೌದು ಅಜ್ಜಾರೇ."

"ನಿನಗೆ ಬಿಸಿಯಾದ್ದು ಅವನಿಗೂ ಬಿಸಿ. ಆರೋವರೆಗೆ ಕೂತ್ಕೋ."

ಎರಡನೆಯದು ಆ ಚಾವಡಿಯ ಕಟ್ಟಳೆ. ನೋವಿನವರು ಬಂದರೆ ಹಿರಿಯ ಶಿಷ್ಯ ಮೊದಲು ಮುಟ್ಟಿ ನೋಡಬೇಕು. ನೋಡಿ, ಬಾಯಿಬಿಟ್ಟು 'ಹಚ್ಚು' ಅನ್ನಬೇಕು. ಅವನು ಹಾಗೆ ಹೇಳುವವರೆಗೆ ಬೇರೆ ಯಾರೂ ಆ ಮೈಗೆ ಎಣ್ಣೆ ಮುಟ್ಟಿಸುವಂತಿಲ್ಲ.

ವರ್ಷಗಳು ಹೋದವು. ಗುರುಗಳ ಬಲಗೈ ಹೆಬ್ಬೆರಳು ಬಗ್ಗದಂತಾಯಿತು. ಬರುವ ಬೇಸಿಗೆಯಲ್ಲಿ ಹೊಳೆಯ ನೀರು ಇಳಿದು ಮರಳು ಕಂಡಾಗ ಹಿತ್ತಾಳೆಯ ಗಿಂಡಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತೇನೆ ಎಂದರು. ಗಿಂಡಿ ಹಿಡಿದವನೇ ಮುಂದೆ ಆ ಚಾವಡಿಯ ಯಜಮಾನ.

ಕೊಟ್ರಯ್ಯನಿಗೆ ಇದರಲ್ಲಿ ಅನುಮಾನವಿರಲಿಲ್ಲ. ಮನಸ್ಸಿನಲ್ಲೇ ಅವನು ಆ ಗಿಂಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತನ್ನ ಗೂಡಿನಲ್ಲಿಟ್ಟು, ದೂರ ನಿಂತು ನೋಡಿದ್ದೂ ಆಗಿತ್ತು.

ಆಗ ಮೈಲಾರಿ ಬಂದ.

ಮೈಲಾರಿ ಬಸ್ ಕಂಡಕ್ಟರ್ ಆಗಿದ್ದವನು. ಸೊಂಟ ಹಿಡಿದುಕೊಂಡಿದೆ ಎಂದು ಬಂದ. ನೋವು ಬಿಟ್ಟಿತು, ಅವನು ಆಶ್ರಮ ಬಿಡಲಿಲ್ಲ. ನನಗೂ ಕಲಿಸಿ ಅಜ್ಜಾರೇ ಎಂದು ಬೇವಿನ ಮರದಡಿ ಕೂತುಬಿಟ್ಟ. ಗುರುಗಳು ಸರಿ ಎಂದರು. ಕೊಟ್ರಯ್ಯನನ್ನು ಯಾರೂ ಕೇಳಲಿಲ್ಲ.

ಮೈಲಾರಿಗೆ ಒಂದು ಮರ್ಮದ ಹೆಸರೂ ನಿಲ್ಲಲಿಲ್ಲ. ಅವನಿಗೆ ಎಲ್ಲವೂ ಗಂಟು. ಕತ್ತಿನ ಗಂಟು, ಬೆನ್ನಿನ ಗಂಟು, ಸೊಸೆಯ ಜೊತೆ ಜಗಳವಾಡಿದ ಗಂಟು. ತಿಕ್ಕುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಭುಜದೊಳಗೆ ಬೆರಳಿಟ್ಟು, "ಒಳಗೆ ಸರೀರಿ ಸ್ವಾಮಿ, ಹಿಂದೆ ಜಾಗ ಐತೆ" ಎನ್ನುತ್ತಿದ್ದ. ಮಲಗಿದವರು ನಗುತ್ತಿದ್ದರು. ನಕ್ಕ ಮೈ ಸಡಿಲವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳುತ್ತಿತ್ತು.

ಕೊಟ್ರಯ್ಯನ ಹಲಗೆಯ ಮೇಲೂ ಜನ ನಿದ್ದೆ ಮಾಡುತ್ತಿದ್ದರು. ಆದರೆ ಅವನಿಗೆ ಈಗ ಕೇಳುತ್ತಿದ್ದುದು ಪಕ್ಕದ ಹಲಗೆಯ ಗೊರಕೆ ಮಾತ್ರ.

ಬಂದವರು ಬಾಗಿಲಲ್ಲೇ ಕೇಳತೊಡಗಿದರು. "ಆ ಕಂಡಕ್ಟರ್ ಇಲ್ವಾ?"

ಇದ್ದಾನೆ ಎಂದು ಹೇಳುವ ಕೆಲಸ ಕೊಟ್ರಯ್ಯನ ಪಾಲಿಗೆ ಬಂತು.

ಅವನ ಬೆರಳು ಬಿರುಸಾದವು. ಒಂದು ದಿನ ಎಣ್ಣೆಯನ್ನು ಮಣಿಕಟ್ಟಿಗೆ ಹಾಕಿಕೊಂಡು ನೋಡಲು ಮರೆತ. ಕಣ್ಣು ಪಕ್ಕದ ಹಲಗೆಯ ಮೇಲಿತ್ತು. ಮಲಗಿದ್ದ ಶಾಲಾಮಾಸ್ತರು ಧಡಕ್ಕನೆ ಎದ್ದು ಕೂತರು.

"ನನ್ನ ಮೇಲೆ ಯಾವ ಸಿಟ್ಟಪ್ಪಾ ನಿನಗೆ?"

ಸಿಟ್ಟು ಅವರ ಮೇಲಲ್ಲ ಎಂದು ಹೇಳುವಂತಿರಲಿಲ್ಲ. ಕೊಟ್ರಯ್ಯ ಕ್ಷಮೆ ಕೇಳಿದ.

ಸಂಜೆ ಅವನು ಗುರುಗಳ ಹತ್ತಿರ ಹೋದ. ಮೈಲಾರಿಗೆ ಶಿಸ್ತಿಲ್ಲ, ಕ್ರಮ ಗೊತ್ತಿಲ್ಲ, ಬೆನ್ನನ್ನು ಕೆಳಗಿಂದ ಮೇಲೆ ತಿಕ್ಕಬೇಕೋ ಮೇಲಿಂದ ಕೆಳಗೋ ಎಂಬುದೂ ಅವನಿಗೆ ಆ ದಿನದ ಲಹರಿ ಎಂದೆಲ್ಲ ವಿವರವಾಗಿ ಹೇಳಿದ. ಗುರುಗಳು ಅಡಿಕೆ ಜಗಿಯುತ್ತ ಕೇಳಿದರು.

"ಅಲ್ಲದೆ ತಿಕ್ಕೋವಾಗ ಮಾತಾಡ್ತಾನೆ ಅಜ್ಜಾರೇ."

"ಮಲಗಿದವನಿಗೆ ನಿದ್ದೆ ಬರ್ತದಾ?"

"ಬರ್ತದೆ."

"ನಿದ್ದೆ ಬಂದವನಿಗೆ ಮಾತು ಕೇಳಲ್ಲ. ಹಂಗಾದ್ರೆ ಕೇಳಿಸಿಕೊಳ್ತಿರೋನು ನೀನೊಬ್ಬನೇ."

ಕೊಟ್ರಯ್ಯ ತನಗೇ ಇಷ್ಟವಿಲ್ಲದ ಪ್ರಶ್ನೆ ಕೇಳಿದ.

"ಅವನ ಕೈಯಲ್ಲಿ ಅಂಥದ್ದೇನೈತೆ?"

ಗುರುಗಳು ಮೈಲಾರಿಯನ್ನು ಕೂಗಿ ಕರೆದರು. "ಏ ಮೈಲಾರಿ, ಬಸ್ ತುಂಬಾ ಜನ ಇದ್ದರೆ ನೀನು ಹಿಂದಿನ ಸೀಟಿಗೆ ಹೆಂಗೆ ಹೋಗ್ತಿದ್ದೆ?"

"ಭುಜ ಮುಟ್ಟಿ, ಅಜ್ಜಾರೇ. ದಬ್ಬಿದರೆ ಜಗಳ ಆಗ್ತದೆ. ಮುಟ್ಟಿ ಒಂದು ಗಳಿಗೆ ಸುಮ್ಮನೆ ನಿಂತರೆ ಅವರೇ ಸರೀತಾರೆ."

ಗುರುಗಳು ಕೊಟ್ರಯ್ಯನನ್ನು ನೋಡಿದರು. ಕೊಟ್ರಯ್ಯ ಬೇವಿನ ಮರವನ್ನು ನೋಡಿದ.

ಅಮಾವಾಸ್ಯೆಯ ದಿನ ಆಶ್ರಮಕ್ಕೆ ರಜೆ. ಅವತ್ತು ಶಿಷ್ಯರು ಒಬ್ಬರಿಗೊಬ್ಬರು ತಿಕ್ಕಬೇಕು. ತಿಕ್ಕುವವನ ಬೆನ್ನೂ ಹಿಡಿದುಕೊಳ್ಳುತ್ತದಲ್ಲ. ಕೊಟ್ರಯ್ಯ ಮೈಲಾರಿಯ ಕೈಕೆಳಗೆ ಮರದ ದಿಮ್ಮಿಯಂತೆ ಮಲಗಿದ. ತಪ್ಪುಗಳನ್ನು ಗುರುತು ಹಾಕಿಕೊಳ್ಳುವುದು ಅವನ ಉದ್ದೇಶ. ಹೆಗಲ ಹತ್ತಿರ ಒಂದು ತಪ್ಪು ಸಿಕ್ಕಿತು. ಪಕ್ಕೆಯ ಹತ್ತಿರ ಇನ್ನೊಂದು.

ಎಚ್ಚರವಾದಾಗ ಬಿಸಿಲು ಚಾವಡಿ ದಾಟಿತ್ತು. ಕತ್ತು ಹಗುರವಾಗಿತ್ತು. ತಿಂಗಳುಗಳಿಂದ ಇದ್ದ ತಲೆನೋವು ಇರಲಿಲ್ಲ.

"ಒಳ್ಳೆ ನಿದ್ದೆ ಮಾಡಿದ್ರಿ ಅಣ್ಣಾ" ಎಂದ ಮೈಲಾರಿ, ಸಂತೋಷದಿಂದ.

ಇದನ್ನು ಮಾತ್ರ ಕೊಟ್ರಯ್ಯನಿಗೆ ಕ್ಷಮಿಸಲಾಗಲಿಲ್ಲ.

ಗುರುಗಳು ಅವನಿಗೆ ಒಂದು ಕೆಲಸ ಒಪ್ಪಿಸಿದರು. "ತಿಕ್ಕೋದನ್ನ ಅವನು ಕಲಿತ. ತಿಕ್ಕಬಾರದ್ದನ್ನ ನೀನು ಕಲಿಸು."

ಕೊಟ್ರಯ್ಯ ಕಲಿಸಿದ. ಜ್ವರ ಇದ್ದರೆ ತಿಕ್ಕಬಾರದು. ಹೊಸ ಗಾಯ, ಮುರಿದ ಮೂಳೆ ಮುಟ್ಟಬಾರದು. ಉಂಡ ಹೊಟ್ಟೆಗೆ ಕೈ ಹಾಕಬಾರದು.

ಒಂದನ್ನು ಬಿಟ್ಟ. ಬೇಕೆಂದು ಬಿಟ್ಟೆ ಎಂದು ಅವನು ತನಗೂ ಹೇಳಿಕೊಳ್ಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ.

ಬಿಟ್ಟದ್ದು ಇದು. ಬಹಳ ಹೊತ್ತು ಕೂತೇ ಇದ್ದವರಿಗೆ ಒಮ್ಮೊಮ್ಮೆ ಒಂದೇ ಕಾಲಿನ ಮೀನಖಂಡ ಬಾತುಕೊಂಡು ಬಿಸಿಯಾಗುತ್ತದೆ. ಅವರಿಗೆ ಅದು ಬರೀ ಉಳುಕಿನಂತೆ ಕಾಣುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಹೆಪ್ಪು ಜಾಗ ಬಿಟ್ಟು ಹೊರಡಬಹುದು. ಎದೆಗೆ ಹೋಗಿ ಸಿಕ್ಕಿಕೊಂಡರೆ ಮನುಷ್ಯ ಉಳಿಯುವುದಿಲ್ಲ. ಅಂಥ ಕಾಲಿಗೆ ಎಣ್ಣೆ ಸೋಕಿಸಬೇಡ, ದೊಡ್ಡಾಸ್ಪತ್ರೆಗೆ ಕಳಿಸು ಎಂದು ಗುರುಗಳು ಕೊಟ್ರಯ್ಯನಿಗೆ ಹೇಳಿದ್ದರು. ಹೇಳುವಾಗ ಅವರು ಅಡಿಕೆ ಜಗಿಯುತ್ತಿರಲಿಲ್ಲ.

ಹೊಳೆಯಲ್ಲಿ ಮರಳು ಕಾಣಿಸತೊಡಗಿತ್ತು.

ಒಂದು ಮಧ್ಯಾಹ್ನ ಖಾಜಾಸಾಬ್ ಎಂಬ ಲಾರಿ ಡ್ರೈವರ್ ಭಾವಮೈದುನನ ಆಟೋದಲ್ಲಿ ಬಂದ. ಗುಜರಾತಿನಿಂದ ಗಾಡಿ ಓಡಿಸಿಕೊಂಡು ಬಂದಿದ್ದನಂತೆ. ಬಾಡಿಗೆ ಅವಸರದ್ದು, ಊಟಕ್ಕೆ ಬಿಟ್ಟರೆ ಇಳಿದಿಲ್ಲ. ಎಡಗಾಲು ಊರಲಾಗುತ್ತಿರಲಿಲ್ಲ.

ಕೊಟ್ರಯ್ಯ ಅವನನ್ನು ಹಲಗೆಯ ಮೇಲೆ ಮಲಗಿಸಿ ಮುಟ್ಟಿ ನೋಡಿದ. ಬಲಗಾಲು ಮಾಮೂಲು. ಎಡ ಮೀನಖಂಡ ಬಿಗಿದು ಮಿರುಗುತ್ತಿತ್ತು. ಅಂಗೈಗೆ ಕಾವು ತಾಗಿತು.

ಒಂದು ಕ್ಷಣ ಸಾಕಾಯಿತು ಅವನಿಗೆ. ಹೇಳಬೇಕಾದ ಮಾತು ಬಾಯಿಗೂ ಬಂದಿತ್ತು.

ಆಗ ಖಾಜಾಸಾಬ್ ಅಂದ. "ಆ ಕಂಡಕ್ಟರ್ ಕೈಯಲ್ಲೇ ತಿಕ್ಕಿಸಿಕೋ ಅಂದ್ರು ನಮ್ಮೋರು. ಅವರಿಲ್ವಾ?"

ಕೊಟ್ರಯ್ಯ ಕೈ ತೆಗೆದ.

"ಇದಾನೆ" ಎಂದ.

ಹಿತ್ತಲಿನಲ್ಲಿ ಎಣ್ಣೆ ಕಾಯಿಸುತ್ತಿದ್ದ ಮೈಲಾರಿಯನ್ನು ಕರೆದು, "ನಿನ್ನ ಹೆಸರು ಕೇಳಿಕೊಂಡು ಬಂದಿದಾರೆ. ನಿನ್ನ ಕೈಗುಣ ನೋಡೋಣ" ಎಂದಷ್ಟೇ ಹೇಳಿ ಹೊಳೆಯ ಕಡೆ ನಡೆದ.

'ಹಚ್ಚು' ಅನ್ನಲಿಲ್ಲ. ಮರೆತದ್ದಲ್ಲ. ಹಚ್ಚು ಎಂದರೆ ತಪ್ಪು ತನ್ನದಾಗುತ್ತದೆ. ಅನ್ನದಿದ್ದರೆ, ಕಟ್ಟಳೆ ಮೀರಿ ಹಚ್ಚಿದವನದು. ಓದಿದ ತಲೆ ಇಂಥ ಕಡೆ ಬಹಳ ಚುರುಕಾಗಿ ಓಡುತ್ತದೆ.

ಮೆಟ್ಟಿಲ ಮೇಲೆ ಗುರುಗಳು ಕೂತಿದ್ದರು. ಬಲಗೈಯನ್ನು ನೀರಿನಲ್ಲಿ ಇಳಿಬಿಟ್ಟಿದ್ದರು.

ಕೊಟ್ರಯ್ಯ ಕೈ ತೊಳೆದ. ಮತ್ತೆ ತೊಳೆದ. ಅಂಗೈಯ ಕಾವು ಹೋಗಲಿಲ್ಲ.

"ಬಂದೆಯಾ" ಎಂದರು ಗುರುಗಳು. "ಈ ಹೆಬ್ಬೆರಳು ಒಂಚೂರು ಒತ್ತು."

ಅವನು ಕೂತು, ಅವರ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಲಿತಂತೆ ಬುಡದಿಂದ ತುದಿಗೆ ಒತ್ತತೊಡಗಿದ. ಕ್ರಮದಲ್ಲಿ ಒಂದು ತಪ್ಪೂ ಇರಲಿಲ್ಲ.

"ನಿನ್ನ ಕೈ ಎಲ್ಲಿ?" ಎಂದರು ಗುರುಗಳು.

"ಇಲ್ಲೇ ಐತಲ್ಲ ಅಜ್ಜಾರೇ."

"ಇಲ್ಲಿಲ್ಲ. ಎಲ್ಲಿ ಬಿಟ್ಟು ಬಂದೆ?"

ಕೊಟ್ರಯ್ಯ ತನ್ನ ಅಂಗೈ ನೋಡಿಕೊಂಡ.

ಆಮೇಲೆ ಅವನು ಗುರುಗಳ ಕೈಯನ್ನು ಮೆಟ್ಟಿಲ ಮೇಲೆ ಹಾಗೇ ಬಿಟ್ಟು, ಪಂಚೆ ಎತ್ತಿಕೊಂಡು ಓಡಿದ. ಮರಳಿನಲ್ಲಿ ಓಡಿದ, ಬೇಲಿಯ ಮುಳ್ಳು ಹಾದು ಓಡಿದ. ಇಷ್ಟು ಹೊತ್ತಿಗೆ ಮೊದಲ ಸುತ್ತು ಮುಗಿದಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಪಾದದಿಂದ ಮೊಣಕಾಲಿಗೆ. ಇಂಥ ಕಾಲನ್ನು ತಿಕ್ಕಬಾರದೆಂದು ಕಲಿಸದೆ ಬಿಟ್ಟವನು ತಾನೇ.

ಚಾವಡಿಯಲ್ಲಿ ಖಾಜಾಸಾಬ್ ಮಲಗಿಕೊಂಡೇ ನಗುತ್ತಿದ್ದ. ಮೈಲಾರಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಬಸ್ಸಿಗೆ ಟಗರು ಹತ್ತಿಸಿಕೊಂಡು ಬಂದು ಅದಕ್ಕೆ ಅರ್ಧ ಟಿಕೆಟ್ ಕೇಳಿದವನ ಕತೆ ಹೇಳುತ್ತಿದ್ದ. ಎಣ್ಣೆಯ ಬಟ್ಟಲು ಪಕ್ಕದಲ್ಲಿತ್ತು.

ಕೊಟ್ರಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಹಚ್ಚಿದೆಯಾ?"

"ಹೆಂಗೆ ಹಚ್ಚಲಿ ಅಣ್ಣಾ? ನೀವು ರೈಟ್ ಅನ್ಲಿಲ್ಲ."

ಕೊಟ್ರಯ್ಯ ಎಣ್ಣೆಯ ಬಟ್ಟಲನ್ನು ನೋಡಿದ. ತುಂಬಿತ್ತು.

"ರೈಟ್ ಅನ್ನದೆ ಬಸ್ ಹೊರಡಲ್ಲ" ಎಂದು ಮೈಲಾರಿ ಡ್ರೈವರ್‌ಗೆ ವಿವರಿಸಿದ. ಮತ್ತೆ ಕೊಟ್ರಯ್ಯನ ಕಡೆ ತಿರುಗಿದ. "ಇವರು ಅವಸರ ಮಾಡಿದ್ರು, ಕಾಲು ಸಿಡೀತದೆ ಹಚ್ಚಪ್ಪ ಅಂತ. ನಾನಂದೆ, ನಮ್ಮ ಕೊಟ್ರಣ್ಣ ಮುಟ್ಟಿ ನೋಡಿದಾರೆ, ಹಚ್ಚು ಅಂದಿಲ್ಲ. ಅವರು ಹಂಗೆಲ್ಲ ಮರೆಯೋರಲ್ಲ. ಏನೋ ಕಂಡಿರಬೇಕು, ಅಜ್ಜಾರನ್ನ ಕೇಳೋಕೆ ಹೋಗಿದಾರೆ ಅಂದೆ. ಹೌದಲ್ಲ ಅಣ್ಣಾ?"

ಇದಕ್ಕಿಂತ ದೊಡ್ಡ ಏಟನ್ನು ಯಾವ ಶತ್ರುವೂ ಕೊಡುತ್ತಿರಲಿಲ್ಲ.

"ಹಚ್ಚಬೇಡ" ಎಂದ ಕೊಟ್ರಯ್ಯ.

ಆಮೇಲೆ ಅವನು ಡ್ರೈವರ್‌ಗೆ ಆ ಕಾಲನ್ನು ಯಾರಿಂದಲೂ ತಿಕ್ಕಿಸಿಕೊಳ್ಳಬೇಡ, ನೀನೂ ಒತ್ತಿ ನೋಡಿಕೊಳ್ಳಬೇಡ, ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಹೋಗು ಎಂದ. ಖಾಜಾಸಾಬ್ ಗೊಣಗಿದ. ಎಣ್ಣೆ ಹಚ್ಚುವವರೇ ಆಸ್ಪತ್ರೆಗೆ ಕಳಿಸುವುದಾದರೆ ನೀವು ಅಂಗಡಿ ಇಟ್ಟುಕೊಂಡಿರುವುದು ಯಾತಕ್ಕೆ ಎಂದು ಕೇಳಿದ. ಕೊಟ್ರಯ್ಯ ಅವನನ್ನು ಮಾತಾಡಗೊಡದೆ ಮೈಲಾರಿಯ ಜೊತೆ ಎತ್ತಿ ಆಟೋದಲ್ಲಿ ಮಲಗಿಸಿದ.

ಆಟೋ ಹೋದ ಮೇಲೆ, ಬೇವಿನ ಮರದ ಕೆಳಗೆ ನಿಂತು, ಬಿಟ್ಟ ಪಾಠವನ್ನು ಮೈಲಾರಿಗೆ ಹೇಳಿಕೊಟ್ಟ. ಪೂರ್ತಿ ಹೇಳಿಕೊಟ್ಟ. ಮೈಲಾರಿ ತನ್ನ ಎರಡೂ ಕೈಯನ್ನು ಒಮ್ಮೆ ನೋಡಿಕೊಂಡು ಸುಮ್ಮನಾದ. ಅವನು ಸುಮ್ಮನಿದ್ದುದನ್ನು ಕೊಟ್ರಯ್ಯ ನೋಡಿದ್ದು ಅದೇ ಮೊದಲು.

ಕೆಲವು ದಿನದ ನಂತರ ಭಾವಮೈದುನ ಬಂದು ಸುದ್ದಿ ಹೇಳಿದ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಸೂಜಿ, ಮಾತ್ರೆ ನಡೆಯುತ್ತಿದೆಯಂತೆ. ಯಾರಾದರೂ ತಿಕ್ಕಿದರಾ ಎಂದು ಡಾಕ್ಟರು ಮೊದಲು ಕೇಳಿದರಂತೆ. ಇಲ್ಲ ಎಂದಾಗ, ಪುಣ್ಯ ಮಾಡಿದ್ದೀಯ ಎಂದರಂತೆ.

ಊರಿಗೆ ಅಷ್ಟು ಸಾಕಾಯಿತು. ಕೊಟ್ರಯ್ಯ ಮುಟ್ಟಿದರೆ ಮೈಯೊಳಗಿನ ರಕ್ತ ಕಾಣುತ್ತದೆ ಎಂದು ಮಾತು ಹಬ್ಬಿತು. ಹಬ್ಬಿಸಿದವನು ಮೈಲಾರಿ. ಹಲಗೆಯ ಮೇಲೆ ಮಲಗಿದ ಪ್ರತಿಯೊಬ್ಬರಿಗೂ ಅವನು ಆ ಕತೆ ಹೇಳುತ್ತಿದ್ದ. ಒಂದೊಂದು ಸಲ ಒಂದೊಂದು ವಿವರ ಸೇರುತ್ತಿತ್ತು.

ಜನ ಬಾಗಿಲಲ್ಲಿ ನಿಂತು ಈಗ ಕೊಟ್ರಯ್ಯನನ್ನು ಕೇಳತೊಡಗಿದರು. ಅವನು ಬಯಸಿದ್ದೆಲ್ಲ ಬಂದಿತ್ತು. ಮೈಲಾರಿ ಕೈಯಾರೆ ತಂದುಕೊಟ್ಟಿದ್ದ.

ಈಗ ಅವನಿಗೆ ಹೊಸದೊಂದು ಹೊಟ್ಟೆಕಿಚ್ಚು ಶುರುವಾಯಿತು. ಈ ಮನುಷ್ಯನಿಗೆ ಹೊಟ್ಟೆಕಿಚ್ಚೇ ಇಲ್ಲವಲ್ಲ ಎಂದು.

ಹೊಳೆಯ ನೀರು ಇಳಿಯಿತು. ಗುರುಗಳು ಒಂದು ಬೆಳಿಗ್ಗೆ ಕೆಂಡದ ಮೇಲೆ ಗಿಂಡಿ ಇಟ್ಟು ಕೊಟ್ರಯ್ಯನನ್ನು ಕರೆದರು.

ಅವನು ಬಂದು ನೆಲದ ಮೇಲೆ ಕೂತ. ಇಡೀ ರಾತ್ರಿ ಜೋಡಿಸಿಟ್ಟುಕೊಂಡ ಮಾತುಗಳು ಬಾಯಿಗೆ ಬರಲಿಲ್ಲ.

"ಆ ಕಾಲು ಎಂಥದ್ದು ಅಂತ ನನಗೆ ಗೊತ್ತಿತ್ತು ಅಜ್ಜಾರೇ. ಗೊತ್ತಿದ್ದೂ ಅವನ ಕೈಗೆ ಬಿಟ್ಟು ಹೋದೆ."

"ಗೊತ್ತು."

"ಹೆಂಗೆ?"

"ಈ ಹೆಬ್ಬೆರಳು ಬಗ್ಗಲ್ಲ. ಸತ್ತಿಲ್ಲ."

ಕೊಟ್ರಯ್ಯ ತಲೆ ತಗ್ಗಿಸಿದ. "ಗಿಂಡಿ ಮೈಲಾರಿಗೆ ಕೊಡಿ."

"ಅವನಿಗೆ ಆ ಕಾಲು ಗೊತ್ತಿರಲಿಲ್ಲ."

"ಈಗ ಗೊತ್ತು. ಅವತ್ತೇ ಕಲಿಸಿದೆ."

"ಎಲ್ಲಾ?"

"ಎಲ್ಲಾ."

ಇಂಥ ಕತೆಗಳಲ್ಲಿ ಗಿಂಡಿ ಶುದ್ಧ ಮನಸ್ಸಿನವನಿಗೆ ಸಿಗುವುದು ರೂಢಿ. ಹಾಲಯ್ಯನವರು ಇಂಥ ಕತೆಗಳನ್ನು ಓದಿದವರಲ್ಲ. ಅವರು ಗಿಂಡಿಯನ್ನು ಬಟ್ಟೆಯಲ್ಲಿ ಹಿಡಿದು ಕೆಳಗಿಳಿಸಿ, ಕೊಟ್ರಯ್ಯನ ಕೈಯಲ್ಲಿಟ್ಟರು.

"ಹೇಳದೆ ಹೋದರೆ ಏನಾಗ್ತದೆ ಅಂತ ನಿನಗೆ ಗೊತ್ತಾಗೈತೆ. ಇನ್ನು ಮೇಲೆ ನೀನು ಹೇಳದೆ ಇರಲ್ಲ" ಎಂದರು.

ಹೊಸದಾಗಿ ಗಿಂಡಿ ಹಿಡಿದವನು ಮೊದಲು ಜೊತೆಯ ಶಿಷ್ಯನಿಗೆ ಹಚ್ಚಬೇಕು. ಅದೂ ಅಲ್ಲಿಯ ಕಟ್ಟಳೆ. ಮೈಲಾರಿ ಆಗಲೇ ಅಂಗಿ ಕಳಚಿ, ಹಲ್ಲು ಕಿಸಿಯುತ್ತ, ಹಲಗೆಯ ಮೇಲೆ ಬೋರಲು ಬಿದ್ದಿದ್ದ.

"ಡಬಲ್ ರೈಟ್ ಅಣ್ಣಾ" ಎಂದ. ಅವನ ಸಂತೋಷದಲ್ಲಿ ಒಂದು ಚೂರೂ ಕಲಬೆರಕೆ ಇರಲಿಲ್ಲ. ಕೊಟ್ರಯ್ಯ ಹುಡುಕಿ ನೋಡಿದ.

ಗಿಂಡಿ ಹಿಡಿದುಕೊಂಡು ಅವನು ಹಲಗೆಯ ಪಕ್ಕ ನಿಂತ. ಆ ಅಗಲ ಬೆನ್ನು, ಅದರ ನೆಮ್ಮದಿ, ಅದು ಆಗಲೇ ನಿದ್ದೆಗೆ ಜಾರುತ್ತಿರುವುದು ಎಲ್ಲವನ್ನೂ ನೋಡಿದ. ಎಣ್ಣೆ ಸುರಿಯಲು ಕೈ ಎತ್ತಿದ. ಕೈ ಅಲ್ಲೇ ನಿಂತಿತು.

"ಅಜ್ಜಾರೇ" ಎಂದ, ಮೆಲ್ಲಗೆ. "ಅದು ಹೋಗಿಲ್ಲ. ಇವನನ್ನ ಕಂಡರೆ ಈಗಲೂ ಒಳಗೆ ಉರೀತದೆ."

ಮೈಲಾರಿಯ ಗೊರಕೆ ಶುರುವಾಯಿತು.

ಗುರುಗಳು ಎದ್ದು ಬಂದರು. ಕೊಟ್ರಯ್ಯನ ಎಡಗೈ ಹಿಡಿದು ತಿರುಗಿಸಿ, ಗಿಂಡಿಯನ್ನು ಬಾಗಿಸಿ, ಅವನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರು.

"ಬಿಸಿ ಐತಾ?"

"ಹೌದು ಅಜ್ಜಾರೇ."

"ಆರೋವರೆಗೆ ಕೂತ್ಕೋ. ಅವನೇನೂ ಎಲ್ಲಿಗೂ ಎದ್ದು ಹೋಗಲ್ಲ."